ಬ್ರಾ ಸೈಜ್ ಮನ್ಯಾಗ ನೀವ ಅಳತಿ ಮಾಡ್ಕೊಳ್ಳೂದ್ ಹೆಂಗ: ಟೇಪ್ ಹಿಡಿಯೂದ್ರಿಂದ ಅಂಗಡ್ಯಾಗ ಕೇಳೂತನಕ

ಧಾರವಾಡದಾಗ ಜಂಪರ್ ಹೊಲಿಯೂದು ನನ್ನ ಕೆಲಸ, ದಿನಾ ಟೇಪ್ ಕೈಯಾಗ ಇರತೈತಿ. ಅಳತಿ ಕೊಡಾಕ ಬರೂ ಹೆಣ್ಮಕ್ಕಳನ್ನ ನೋಡಿ ನೋಡಿ ಇದನ್ನ ಬರದ್ ಇಡಬೇಕು ಅನಸ್ತು. ಭಾಳ ಮಂದಿ ಹಾಕ್ಕೊಂಡಿರೂ ಬ್ರಾ ಸೈಜು ಅವರ ಮೈ ಅಳತಿಯಿಂದ ಬಂದಿದ್ದ ಅಲ್ಲ, ಮದವಿಗಿಂತ ಮೊದ್ಲ ಅವ್ವ ತಂದ್ ಕೊಟ್ಟಿದ್ ನಂಬರು, ಇಲ್ಲಾ ಅಂಗಡಿಯವರು ಒಮ್ಮೆ ಕಣ್ಣಲೆ ನೋಡಿ "34 ಆಗತೈತಿ ತಗೋರಿ ಅಕ್ಕಾರ" ಅಂತ ಕೊಟ್ಟಿದ್ ನಂಬರು, ಅದನ್ನ ಹಿಡಕೊಂಡು ಎರಡ್ ಮಕ್ಕಳಾದ ಮ್ಯಾಲೂ ಅದ ನಂಬರ್ ಕೇಳಿ ತರತಾರ. ಭುಜದ ಮ್ಯಾಲ ಕೆಂಪ್ ಗುಳಿ ಬಿದ್ದಿರತಾವ, ಹಿಂದ ಪಟ್ಟಿ ಮ್ಯಾಲ ಏರಿ ಕುತಗಿ ಹತ್ರ ಬಂದಿರತೈತಿ, ಬ್ಯಾಸಿಗ್ಯಾಗ ಎದಿ ಕೆಳಗ ಬೆವರಸಾಲಿ. ಕೇಳಿದ್ರ "ಇರೂದ ಹಂಗ ಬಿಡ್ರಿ" ಅಂತಾರ. ಇರೂದು ಹಂಗ ಅಲ್ರಿ. ಸೈಜ್ ಸರಿ ಇದ್ರ ಇದ್ರಾಗ ಮುಕ್ಕಾಲ್ ತ್ರಾಸ ಕಮ್ಮಿ ಆಗತೈತಿ, ಅದಕ್ಕ ಬೇಕಾಗಿದ್ದು ಒಂದ್ ಟೇಪು, ಒಂದ್ ಕನ್ನಡಿ, ಚಿಲಕ ಹಾಕ್ಕೊಳ್ಳಾಕ ಬರೂ ಒಂದ್ ಖೋಲಿ, ಇಷ್ಟ.

ಮೊದ್ಲ 36ಸಿ ಅಂದ್ರ ಏನು

ಬ್ರಾ ಸೈಜಿನ್ಯಾಗ ಎರಡ್ ಭಾಗ ಇರತಾವ. ನಂಬರು ಹೇಳೂದು ಎದಿ ಕೆಳಗ ಮೈ ಸುತ್ತ ಬರೂ ಪಟ್ಟಿಯ ಅಳತಿ, ಅದಕ್ಕ ಬ್ಯಾಂಡ್ ಅಂತಾರ. ಎ, ಬಿ, ಸಿ, ಡಿ ಅನ್ನೂ ಅಕ್ಷರ ಹೇಳೂದು ಕಪ್ಪಿನ ಅಳತಿ, ಅಂದ್ರ ಎದಿ ಎಷ್ಟ್ ತುಂಬೈತಿ ಅನ್ನೂದು. ನಮ್ಮ ಕಡೆ ಸಣ್ಣ ಅಂಗಡ್ಯಾಗ ಬರೇ ನಂಬರ್ ಕೇಳತಾರ, 32 ಏನು 34 ಏನು ಅಂತ, ಅಕ್ಷರದ ಸುದ್ದಿನ ಇರಂಗಿಲ್ಲ, ಅಂಥಾ ಡಬ್ಬ್ಯಾಗ ಇರೂದು ಸಾಮಾನ್ಯವಾಗಿ ಬಿ ಕಪ್ಪು. ಈಗ ಎದಿ ತುಂಬಿದ ಹೆಣ್ಮಗಳು ಏನ್ ಮಾಡತಾಳ? ಕಪ್ ಸಾಲೂದಿಲ್ಲಾ ಅಂತ 34 ಬಿಟ್ಟು 36, ಆಮ್ಯಾಲ 38 ತಗೋತಾಳ. ಕಪ್ ಏನೋ ಸ್ವಲ್ಪ ದೊಡ್ಡದಾತು, ಆದ್ರ ಅದರ ಜೋಡಿ ಬ್ಯಾಂಡೂ ಸಡ್ಲ ಆತು. ಬ್ಯಾಂಡ್ ಸಡ್ಲ ಆದ ಕೂಡ್ಲೆ ಎದಿ ಭಾರ ಪೂರಾ ಸ್ಟ್ರಾಪ್ ಮ್ಯಾಲ ಬೀಳತೈತಿ, ಭುಜ ನೋಯಾಕ ಸುರು ಆಗೂದ ಇಲ್ಲಿಂದ. ಎದಿ ಭಾರ ಹೊರೂ ಕೆಲಸ ಬ್ಯಾಂಡಿಂದು, ಸ್ಟ್ರಾಪ್ ಬರೇ ಕಪ್ಪನ್ನ ಜಾಗಾದಾಗ ಹಿಡದ್ ಇಡಾಕ ಇರೂದು. ಈ ಒಂದ್ ಮಾತು ತಲ್ಯಾಗ ಇಟ್ಕೊಂಡ್ರ ಮುಂದಿಂದೆಲ್ಲಾ ತಾನ ತಿಳೀತೈತಿ.

ಟೇಪ್ ಹಿಡಿಯೂಕಿಂತ ಮೊದ್ಲ

ಟೇಲರ್ ಟೇಪ್ ಬೇಕು, ಒಂದ್ ಕಡೆ ಇಂಚು, ಇನ್ನೊಂದ್ ಕಡೆ ಸೆಂಟಿಮೀಟರ್ ಇರತೈತಲ್ಲ ಅದು. ಕಬ್ಬಿಣದ ಟೇಪ್ ಬ್ಯಾಡ. ಮನ್ಯಾಗಿನ ಟೇಪ್ ಭಾಳ ಹಳೇದಿದ್ರ ಮಕ್ಕಳ ಸ್ಕೇಲ್ ಜೋಡಿ ಒಮ್ಮೆ ಹಿಡದ್ ನೋಡ್ರಿ, ಹಳೇ ಟೇಪ್ ಜಗ್ಗಿ ಜಗ್ಗಿ ಉದ್ದ ಆಗಿರತಾವ, ಸ್ಕೇಲಿನ 30 ಸೆಂಟಿಮೀಟರಿಗೆ ಟೇಪಿನ 30 ಕೂಡಲಿಲ್ಲ ಅಂದ್ರ ಆ ಟೇಪ್ ತಗದ್ ಇಡ್ರಿ. ಟೇಪ ಇಲ್ಲಾ ಅಂದ್ರ ಪೆಟಿಕೋಟಿನ ಲಾಡಿ ತಗೋರಿ, ಜಗ್ಗಿದ್ರ ಹಿಗ್ಗಬಾರದು ಅಷ್ಟ, ಅದನ್ನ ಸುತ್ತಿ ಪೆನ್ನಿಲೆ ಗುರ್ತ ಹಾಕಿ ಸ್ಕೇಲಿಲೆ ಅಳದ್ರ ಆತು.

ಮೈ ಮ್ಯಾಲ ಏನೂ ಇಲ್ಲದ ಅಳತಿ ತಗೊಳ್ಳೂದು ಛಲೋ. ಸಂಕೋಚ ಆದ್ರ ತೆಳ್ಳಗಿನ, ಪ್ಯಾಡ್ ಇಲ್ಲದ ಬ್ರಾ ಹಾಕ್ಕೊಂಡ್ ತಗೋಬೋದು. ನೈಟಿ ಮ್ಯಾಲ, ಜಂಪರ್ ಮ್ಯಾಲ ತಗೊಂಡ್ರ ಎರಡ್ಮೂರ್ ಸೆಂಟಿಮೀಟರ್ ಸುಳ್ಳು ಬರತೈತಿ. ಪ್ಯಾಡಿನ ಬ್ರಾ ಮ್ಯಾಲ ತಗೊಂಡ್ರಂತೂ ಅದು ಪ್ಯಾಡಿನ ಅಳತಿ, ನಿಮ್ಮದಲ್ಲ.

ದಿನಾನೂ ನೋಡ್ಕೋರಿ. ಪಿರಿಯಡ್ಸ್ ಬರೂಕಿಂತ ಮುಂಚಿನ ವಾರ ಭಾಳ ಮಂದಿಗೆ ಎದಿ ಬಾತು ಭಾರ ಆಗಿರತೈತಿ, ಮುಟ್ಟಿದ್ರೂ ನೋಯತೈತಿ, ಆಗ ತಗೊಂಡ ಅಳತಿ ಉಳದ ದಿನಕ್ಕ ದೊಡ್ಡದಾಗತೈತಿ. ಪಿರಿಯಡ್ಸ್ ಮುಗದ್ ನಾಕೈದ್ ದಿನ ಬಿಟ್ಟು ತಗೋರಿ. ಪ್ರತಿ ತಿಂಗಳ ಹಂಗ ಭಾಳ ಬಾಯೂದಿದ್ರ ಆ ವಾರಕ್ಕಂತನ ಒಂದು ದೊಡ್ಡ ಕಪ್ಪಿನ ಮೆತ್ತಗಿನ ಬ್ರಾ ಬ್ಯಾರೆ ಇಟ್ಕೊಳ್ಳೂದು ಛಲೋ, ಇದು ದುಂದುಗಾರಿಕಿ ಅಲ್ಲ.

ಮೂರ್ ಅಳತಿ ತಗೋಬೇಕು

ಒಂದನೇದು ಎದಿ ಕೆಳಗಿಂದು. ಕನ್ನಡಿ ಮುಂದ ನೆಟ್ಟಗ ನಿಂತ್ಕೋರಿ. ಎದಿ ಕೆಳಗ, ಅದು ಮೈಗೆ ಕೂಡೂ ಮಡಿಕಿ ಐತಲ್ಲ, ಸರಿಯಾಗಿ ಅಲ್ಲೆ ಟೇಪ್ ಸುತ್ತರಿ. ಎದಿ ಜೋತು ಬಿದ್ದಿದ್ರ ಒಂದ್ ಕೈಲೆ ಎತ್ತಿ ಹಿಡದ್ ಟೇಪ್ ಒಳಗ ಹಾಯಸ್ರಿ. ಟೇಪ್ ಮುಂದ ಎಷ್ಟ್ ಎತ್ತರ ಐತಿ ಹಿಂದೂ ಅಷ್ಟ ಎತ್ತರ ಇರಬೇಕು, ಒಬ್ಬರ ಇದ್ದಾಗ ತಪ್ಪೂದು ಇಲ್ಲೆ, ಹಿಂದ ಟೇಪ್ ಜಾರಿ ಕೆಳಗ ಬಂದಿರತೈತಿ, ಗೊತ್ತಾಗಂಗಿಲ್ಲ. ಅಡ್ಡ ನಿಂತು ಕನ್ನಡ್ಯಾಗ ನೋಡ್ಕೋರಿ, ಇಲ್ಲಾ ತಂಗಿನ, ನೆಗೆಣ್ಣಿನ, ಯಾರನ್ನರ ಕರದು ಹಿಂದ ಹಿಡಿ ಅನ್ರಿ. ಉಸರು ಪೂರಾ ಹೊರಗ ಬಿಡ್ರಿ, ಟೇಪ್ ಬಿಗಿ ಹಿಡೀರಿ, ಮೈಗೆ ಹತ್ತಿರಬೇಕು ಆದ್ರ ಚರ್ಮ ಕೊರೀಬಾರದು. ಸೆಂಟಿಮೀಟರ್ ಬರದ್ಕೋರಿ.

ಎರಡನೇದು ಎದಿ ಮ್ಯಾಲಿಂದು, ಎಲ್ಲಿ ಭಾಳ ತುಂಬಿರತೈತಿ ಅಲ್ಲೆ, ಸಾಮಾನ್ಯ ಮೊಲೆತೊಟ್ಟಿನ ಸಾಲಿನ್ಯಾಗ. ಇಲ್ಲೆ ಮಾತ್ರ ಟೇಪ್ ಬಿಗಿ ಬ್ಯಾಡ್ರಿ, ಸುಮ್ನ ಮುಟ್ಟಿದ್ರ ಸಾಕು. ಎದಿ ಒತ್ತಿ ಚಪ್ಪಟಿ ಆದ್ರ ಅಳತಿ ಕಮ್ಮಿ ಬರತೈತಿ.

ಮೂರನೇದು ಭಾಳ ಮಂದಿ ಬಿಟ್ ಬಿಡತಾರ, ಹಾಲು ಕುಡಿಸಿದ ಮ್ಯಾಲ ಎದಿ ಮೆತ್ತಗಾಗಿರೂ ಹೆಣ್ಮಕ್ಕಳಿಗೆ ಇದು ಬೇಕ ಬೇಕು. ಸೊಂಟದ ಕಡಿಂದ ಮುಂದ ಬಗ್ಗ್ರಿ, ಬೆನ್ನು ನೆಲಕ್ಕ ಸಮ ಆಗೂಹಂಗ, ಎದಿ ಪೂರಾ ಕೆಳಗ ಬರತೈತಿ, ಹಂಗ ಬಗ್ಗಿದಾಗ ಅದ ತುಂಬಿದ ಜಾಗಾದಾಗ ಇನ್ನೊಮ್ಮೆ ಸಡ್ಲಂಗ ಅಳೀರಿ. ನಿಂತಾಗ ಎದಿ ಕೆಳಗ, ಬಗಲ ಕಡೆ ಹರವಿಕೊಂಡಿರತೈತಿ, ಟೇಪಿಗೆ ಸಿಗಂಗಿಲ್ಲ. ಬಗ್ಗಿದಾಗ ಎಲ್ಲಾ ಒಂದ್ ಕಡೆ ಬರತೈತಿ. ನಿಂತಿದ್ದು, ಬಗ್ಗಿದ್ದು ಎರಡೂ ಕೂಡಿಸಿ ಅರ್ಧ ಮಾಡಿದ್ರ ಮ್ಯಾಲಿನ ಅಳತಿ ಸಿಗತೈತಿ.

ಎಲ್ಲಾ ಎರಡ್ ಸಲ ಅಳೀರಿ. ಎರಡೂ ಸಲ ಒಂದ ಬಂದ್ರ ಮುಂದ ಹೋಗ್ರಿ.

ಲೆಕ್ಕ

ನಮ್ಮ ದೇಶದಾಗ ಸಿಗೂ ಬ್ರಾಂಡೆಡ್ ಬ್ರಾ ಪ್ಯಾಕೆಟ್ ಹಿಂದ ಸಣ್ಣ ಅಕ್ಷರದಾಗ ಸೆಂಟಿಮೀಟರ್ ಬರದಿರತಾರ, ಅಂಡರ್ ಬಸ್ಟ್ (ಎದಿ ಕೆಳಗಿಂದು) ಇಷ್ಟು, ಓವರ್ ಬಸ್ಟ್ (ಎದಿ ಮ್ಯಾಲಿಂದು) ಇಷ್ಟು ಅಂತ. ಅದ ಮುಖ್ಯ. ಹೆಚ್ಚಿನ ಕಂಪನಿಯವರ ಬ್ಯಾಂಡ್ ಲೆಕ್ಕ ಹಿಂಗ ಐತಿ, ಎದಿ ಕೆಳಗಿನ ಅಳತಿ 63ರಿಂದ 67 ಸೆಂಟಿಮೀಟರ್ ಇದ್ರ 30, 68ರಿಂದ 72 ಇದ್ರ 32, 73ರಿಂದ 77 ಇದ್ರ 34, 78ರಿಂದ 82 ಇದ್ರ 36, 83ರಿಂದ 87 ಇದ್ರ 38, 88ರಿಂದ 92 ಇದ್ರ 40.

ಕಪ್ಪಿಗೆ ಮ್ಯಾಲಿನ ಅಳತ್ಯಾಗ ಕೆಳಗಿಂದು ಕಳೀರಿ. 12ರಿಂದ 14 ಸೆಂಟಿಮೀಟರ್ ಉಳದ್ರ ಎ, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಕಂಪನಿಯಿಂದ ಕಂಪನಿಗೆ ಇದು ಒಂದೆರಡ್ ಸೆಂಟಿಮೀಟರ್ ಹೆಚ್ಚು ಕಮ್ಮಿ ಇರತೈತಿ, ಅದಕ್ಕ ಕಡೀಕ ನೋಡಬೇಕಾಗಿದ್ದು ಪ್ಯಾಕೆಟ್ ಮ್ಯಾಲಿಂದು.

ಒಂದ್ ಲೆಕ್ಕ ಹಾಕಿ ತೋರಸತೀನಿ. ಕೆಳಗಿನ ಅಳತಿ 79 ಬಂತು ಅನ್ಕೋರಿ. ನಿಂತಾಗ ಮ್ಯಾಲ 94, ಬಗ್ಗಿದಾಗ 98, ಎರಡರ ಅರ್ಧ 96. ಕೆಳಗ 79, ಅಂದ್ರ ಬ್ಯಾಂಡ್ 36. 96ರಾಗ 79 ಹೋದ್ರ 17, ಅಂದ್ರ ಸಿ. ಸೈಜು 36ಸಿ.

ಇಂಚಿನ ಲೆಕ್ಕನೂ ಒಂದ್ ಐತಿ, ಹಳೇ ಅಂಗಡಿಯವರು ಇದನ್ನ ಹೇಳತಾರ: ಬ್ಯಾಂಡ್ ನಂಬರಿಗಿಂತ ಮ್ಯಾಲಿನ ಅಳತಿ ಒಂದ್ ಇಂಚ್ ಹೆಚ್ಚಿದ್ರ ಎ, ಎರಡಿದ್ರ ಬಿ, ಮೂರಿದ್ರ ಸಿ, ನಾಕಿದ್ರ ಡಿ. ಅದ 96 ಸೆಂಟಿಮೀಟರ್ ಅಂದ್ರ ಸುಮಾರು 38 ಇಂಚು, 36ಕ್ಕಿಂತ ಎರಡ್ ಹೆಚ್ಚು, ಹಿಂಗಾಗಿ 36ಬಿ ಅಂತ ಬರತೈತಿ. ಎರಡರಾಗ ಯಾವುದ್ ಖರೆ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಬಿ ಮತ್ತ ಸಿ ಎರಡೂ ಹಾಕ್ಕೊಂಡ್ ನೋಡ್ರಿ, ನನ್ನ ಕೇಳಿದ್ರ ದೊಡ್ಡ ಕಪ್ಪಿಂದು ಮೊದ್ಲ ನೋಡ್ರಿ, ನಮ್ಮ ಹೆಣ್ಮಕ್ಕಳು ಸಣ್ಣ ಕಪ್ಪಿಗೆ ಹೊಂದ್ಕೊಂಡು ಅದ ಸರಿ ಅನ್ಕೊಂಡಿರತಾರ.

ಕಾಲೇಜ್ ಹುಡುಗ್ಯಾರು ಫೋನಿನ್ಯಾಗ ಕ್ಯಾಲ್ಕುಲೇಟರ್ ಹಾಕಿ ನೋಡಿ ಗಾಬರಿ ಆಗತಾರ, ಅದು 32ಇ ಅಂತ ತೋರಸ್ತು, ನಂದೇನ್ ಇಷ್ಟ್ ದೊಡ್ಡದೈತೇನು ಅಂತ. ಹೊರದೇಶದ ಕ್ಯಾಲ್ಕುಲೇಟರ್ ಕೆಲವು ಎದಿ ಕೆಳಗಿನ ಇಂಚನ್ನ ಹಂಗ ಬ್ಯಾಂಡ್ ಅಂತ ಹಿಡೀತಾವ, 79 ಸೆಂಟಿಮೀಟರ್ ಅಂದ್ರ 31 ಇಂಚು, ಅದಕ್ಕ 32 ಬರತೈತಿ, ಬ್ಯಾಂಡ್ ಸಣ್ಣದಾದಷ್ಟ್ ಅಕ್ಷರ ಮುಂದ ಹೋಗತೈತಿ. ನಮ್ಮಲ್ಲಿ ಸಿಗೂ ಮಾಲಿಗೆ ನಮ್ಮ ಪ್ಯಾಕೆಟಿನ ಚಾರ್ಟ್ ನೋಡ್ರಿ. ಮತ್ತ ಅಕ್ಷರ ಒಂದ ನೋಡಿ ದೊಡ್ಡದು ಸಣ್ಣದು ಅಂತ ಹೇಳಾಕ ಬರಂಗಿಲ್ಲ, 32ಡಿ ಕಪ್ಪಿಗಿಂತ 38ಡಿ ಕಪ್ಪು ಭಾಳ ದೊಡ್ಡದಿರತೈತಿ. ಇದ ಕಾರಣಕ್ಕ ಒಂದ್ ಅನುಕೂಲನೂ ಐತಿ. ಬ್ಯಾಂಡ್ ಒಂದ್ ಸೈಜ್ ಇಳಿಸಿ ಕಪ್ ಒಂದ್ ಏರಿಸಿದ್ರ ಕಪ್ಪಿನ ಜಾಗಾ ಹೆಚ್ಚುಕಮ್ಮಿ ಅಷ್ಟ ಉಳೀತೈತಿ. 36ಸಿ ಹಾಕ್ಕೊಂಡಾಗ ಕಪ್ ಸರಿ ಐತಿ, ಬ್ಯಾಂಡ್ ಸಡ್ಲ ಐತಿ ಅಂದ್ರ 34ಡಿ ಕೇಳ್ರಿ. ಬ್ಯಾಂಡ್ ಬಿಗಿ ಆತು ಅಂದ್ರ 38ಬಿ. ಇದಕ್ಕ ಸಿಸ್ಟರ್ ಸೈಜ್ ಅಂತಾರ.

ಹಾಕ್ಕೊಂಡ್ ನೋಡೂದ ಖರೆ ಪರೀಕ್ಷಾ

ಟೇಪ್ ನಿಮ್ಮನ್ನ ಸರಿಯಾದ ಸೈಜಿನ ಹತ್ರ ಕರಕೊಂಡ್ ಹೋಗತೈತಿ ಅಷ್ಟ. ಎದಿ ಆಕಾರ ಒಬ್ಬೊಬ್ಬರದು ಒಂದೊಂದ್ ನಮೂನಿ, ಮೈ ಮ್ಯಾಲ ಹಾಕಿದ್ ಮ್ಯಾಲನ ನಿರ್ಧಾರ.

ಮೊದ್ಲ ಬ್ಯಾಂಡ್ ಒಂದ ಪರೀಕ್ಷಾ ಮಾಡ್ರಿ. ಬ್ರಾ ಉಲ್ಟಾ ತಿರವಿ, ಕಪ್ ಬೆನ್ನಿನ ಕಡೆ ಬರೂಹಂಗ ಸುತ್ತಿ ಮುಂದ ಹುಕ್ ಹಾಕ್ರಿ. ಈಗ ಎದಿ ಅಡ್ಡ ಬರಂಗಿಲ್ಲ, ಬ್ಯಾಂಡ್ ನಿಮಗ ಸರಿ ಐತೋ ಇಲ್ಲೋ ಅನ್ನೂದು ನೇರ ಗೊತ್ತಾಗತೈತಿ. ಹೊಸಾ ಬ್ರಾ ಕಡೇ ಸಾಲಿನ ಹುಕ್ಕಿಗೆ, ಅಂದ್ರ ಭಾಳ ಸಡ್ಲ ಇರೂ ಸಾಲಿಗೆ ಹಾಕಿದಾಗನ ಗಟ್ಟಿ ಕುಂದರಬೇಕು. ಒಳಗಿನ ಸಾಲು ಇರೂದು ಯಾಕಂದ್ರ ತೊಳದ್ ತೊಳದ್ ಇಲಾಸ್ಟಿಕ್ ಸಡ್ಲ ಆದಂಗ ಒಂದೊಂದ್ ಸಾಲ್ ಒಳಗ ಹೋಗಾಕ. ಮೊದಲನೇ ದಿನಾನ ಒಳಗಿನ ಸಾಲಿಗೆ ಹಾಕಬೇಕಾತು ಅಂದ್ರ ಅದು ದೊಡ್ಡದು. ಬ್ಯಾಂಡಿನ ಕೆಳಗ ಎರಡ್ ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು.

ಆಮ್ಯಾಲ ಸರಿಯಾಗಿ ಹಾಕ್ಕೋರಿ. ಸ್ವಲ್ಪ ಮುಂದ ಬಗ್ಗಿ, ಬಲಗೈ ಎಡಗಡೆ ಕಪ್ಪಿನ ಒಳಗ ಹಾಕಿ ಬಗಲ ಕಡಿಂದ ಎದಿ ಪೂರಾ ಎಳದು ಕಪ್ಪಿನೊಳಗ ತರ್ರಿ, ಇನ್ನೊಂದ್ ಕಡೆನೂ ಹಂಗ. ಇದನ್ನ ಮಾಡೂತನಕ ಯಾವ ಸೈಜೂ ಖರೆ ಗೊತ್ತಾಗಂಗಿಲ್ಲ, ಬಗಲ ಹತ್ರ ಉಬ್ಬಿಕೊಂಡಿರೂದನ್ನ ಬೊಜ್ಜು ಅಂತಾರ, ಭಾಳ ಸಲ ಅದು ಸಣ್ಣ ಕಪ್ಪಿನಿಂದ ಹೊರಗ ತಳ್ಳಿದ ಎದಿನ ಇರತೈತಿ. ಒಳಗ ತಂದ್ ಮ್ಯಾಲ ಕಪ್ಪಿನ ಅಂಚಿನ್ಯಾಗ ಎದಿ ಉಕ್ಕಿ ಎರಡ್ ಭಾಗ ಆದಂಗ ಕಾಣಸ್ತು ಅಂದ್ರ ಕಪ್ ಸಣ್ಣದು. ಕಪ್ಪಿನ ಬಟ್ಟಿ ನಿರಗಿ ಬಿದ್ದು ಖಾಲಿ ಉಳೀತು ಅಂದ್ರ ದೊಡ್ಡದು, ಇಲ್ಲಾ ಸ್ಟ್ರಾಪ್ ಉದ್ದ ಆಗೈತಿ, ಅದನ್ನ ಮೊದ್ಲ ಗಿಡ್ಡ ಮಾಡಿ ನೋಡ್ರಿ. ವಾಯರ್ ಇರೂ ಬ್ರಾ ಆದ್ರ ವಾಯರ್ ಎದಿ ಸುತ್ತ ಪಕ್ಕೆಲುಬಿನ ಮ್ಯಾಲ ಕುಂದರಬೇಕು, ಎದಿ ಮ್ಯಾಲ ಅಲ್ಲ, ನಡಬರಕಿನ ತುಂಡು ಎದಿಗೂಡಿಗೆ ಹತ್ತಿರಬೇಕು. ಅದು ಗಾಳ್ಯಾಗ ನಿಂತಿತ್ತು ಅಂದ್ರ ಕಪ್ ಸಾಲೂದಿಲ್ಲ.

ಒಂದ್ ಕಡೆ ದೊಡ್ಡದು ಒಂದ್ ಕಡೆ ಸಣ್ಣದು ಇರೂದು ತೀರ ಸಾಮಾನ್ಯ, ಅದಕ್ಕ ಚಿಂತಿ ಬ್ಯಾಡ. ದೊಡ್ಡ ಕಡೆಗೆ ಸರಿ ಆಗೂ ಕಪ್ ತಗೊಂಡು ಸಣ್ಣ ಕಡೆ ಸ್ಟ್ರಾಪ್ ಸ್ವಲ್ಪ ಗಿಡ್ಡ ಮಾಡ್ಕೋರಿ. ಆದ್ರ ಮೊದ್ಲಿಂದ ಸಮ ಇದ್ದು ಈಗಿತ್ಲಾಗ ಒಂದ ಕಡೆ ಬದಲಾಗಾಕ ಹತ್ತೈತಿ ಅಂದ್ರ ಅದು ಬ್ಯಾರೆ ಮಾತು. ಅಳತಿ ತಗೊಳ್ಳೋವಾಗ ಹೆಂಗೂ ಕನ್ನಡಿ ಮುಂದ ಇರತೀರಿ, ಕೈಗೆ ಗಂಟು ಹತ್ತಿತ್ತು, ಚರ್ಮ ಒಳಗ ಜಗ್ಗಿದಂಗ ಆಗೈತಿ, ಹಾಲು ಕುಡಿಸೂ ಸಮಯ ಅಲ್ಲದಾಗ ತೊಟ್ಟಿನಿಂದ ನೀರು ರಕ್ತ ಏನರ ಬರತೈತಿ ಅಂದ್ರ ಅವತ್ತ ಡಾಕ್ಟರ್ ಕಡೆ ಹೋಗ್ರಿ. ಹುಬ್ಬಳ್ಳ್ಯಾಗ ಕಿಮ್ಸ್ ಸರಕಾರಿ ದವಾಖಾನಿ (ಈಗ ಕೆಎಂಸಿಆರ್‌ಐ ಅಂತಾರ) ಐತಿ, ಅಲ್ಲೆ ನವನಗರದಾಗ ಕರ್ನಾಟಕ ಕ್ಯಾನ್ಸರ್ ಆಸ್ಪತ್ರಿ ಐತಿ, ಗದಗದಾಗ ಜಿಮ್ಸ್ ಸರಕಾರಿ ದವಾಖಾನಿ ಐತಿ. ನಾಚಿಕಿಂದ ದಿನ ದೂಡಬ್ಯಾಡ್ರಿ. ಇದರ ಜೋಡಿನ ಇನ್ನೊಂದ್ ಮಾತು, ಬ್ರಾ ಹಾಕ್ಕೊಳ್ಳೂದ್ರಿಂದ, ವಾಯರ್ ಬ್ರಾದಿಂದ, ಕರೇ ಬಣ್ಣದ ಬ್ರಾದಿಂದ ಕ್ಯಾನ್ಸರ್ ಬರತೈತಿ ಅಂತ ವಾಟ್ಸಾಪಿನ್ಯಾಗ ತಿರಗ್ಯಾಡತೈತಿ. ಅಮೆರಿಕಾದ ಸಿಯಾಟಲ್ ಕಡೆ ಮುಟ್ಟು ನಿಂತ ಹೆಣ್ಮಕ್ಕಳ ಮ್ಯಾಲ ಇದನ್ನ ವಿಚಾರ ಮಾಡಿ ನೋಡ್ಯಾರ, 2014ರಾಗ ಅದು ಪ್ರಕಟ ಆತು, ಬ್ರಾಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ಇನ್ನ ಬ್ರಾ ಹಾಕ್ಕೊಂಡ್ ಅಲ್ಲೆ ಗೊಂಬಿಗತೆ ನಿಂತು ಸರಿ ಐತಿ ಅನಬ್ಯಾಡ್ರಿ. ಎರಡೂ ಕೈ ಮ್ಯಾಲ ಎತ್ರಿ, ಅರಬಿ ಒಣ ಹಾಕೂಹಂಗ. ಕೆಳಗ ಎದಿ ಜಾರಿ ಹೊರಗ ಬಂದ್ರ ಬ್ಯಾಂಡ್ ಸಡ್ಲ. ಕೆಳಗ ಕುಂತು ರೊಟ್ಟಿ ಬಡಿಯೂಹಂಗ ಮುಂದ ಬಗ್ಗಿ ಕೈ ಆಡಸ್ರಿ, ಸ್ಟ್ರಾಪ್ ಜಾರತೈತೇನು ನೋಡ್ರಿ. ಬ್ಯಾಡಗಿ ಕಡೆ ಮೆಣಸಿನಕಾಯಿ ಸೀಸನ್ನಿನ್ಯಾಗ ದಿನಗಟ್ಲೆ ಕುಂತು ತೊಟ್ಟು ಬಿಡಸೂ ಹೆಣ್ಮಕ್ಕಳು, ಹೊಲದಾಗ ಕಳೆ ತಗಿಯೂವರು, ಇವರಿಗೆ ಬೆನ್ನು ಬಗ್ಗೇ ಇರತೈತಿ, ಹಿಂದ ಬ್ಯಾಂಡ್ ಏರೂದ ದೊಡ್ಡ ತ್ರಾಸ. ಅಂಥವರು ಹಿಂದ ಅಗಲ ಪಟ್ಟಿ ಇದ್ದು ಮೂರ್ ಹುಕ್ಕು ಮ್ಯಾಲ ಕೆಳಗ ಇರೂ ಕಾಟನ್ ಬ್ರಾ ನೋಡ್ರಿ, ಎರಡ್ ಹುಕ್ಕಿನ ಸಣ್ಣ ಪಟ್ಟಿ ದುಡಿಯೂ ಮೈಗೆ ನಿಂದ್ರಂಗಿಲ್ಲ.

ಅಂಗಡ್ಯಾಗ ಹೆಂಗ ಕೇಳಬೇಕು

ಹುಬ್ಬಳ್ಳಿ ದುರ್ಗದಬೈಲ್, ಧಾರವಾಡ ಸುಭಾಸ ರೋಡ್, ಗದಗ ಬೆಟಗೇರಿ ಪ್ಯಾಟಿ, ಎಲ್ಲಾ ಕಡೆ ಕೌಂಟರ್ ಮುಂದ ಹತ್ತ್ ಮಂದಿ ನಿಂತಿರತಾರ, ಆಕಡೆ ಗಂಡಸರು ಕೊಡಾಕ ನಿಂತಿರತಾರ, ನಮ್ಮವರು ತಲಿ ಕೆಳಗ ಹಾಕಿ "ಒಂದ್ 36 ಕೊಡ್ರಿ" ಅಂದು ನೋಡದ ಚೀಲಕ್ಕ ಹಾಕ್ಕೊಂಡ್ ಬರತಾರ. ಅದಕ್ಕ ಮನ್ಯಾಗನ ಚೀಟ್ಯಾಗ ಬರಕೊಂಡ್ ಹೋಗ್ರಿ: ಕೆಳಗ 79, ಮ್ಯಾಲ 96, 36ಸಿ, ಕಾಟನ್, ಪ್ಯಾಡ್ ಇಲ್ಲದ್ದು. ಮಾತಾಡಾಕ ಸಂಕೋಚ ಆದ್ರ ಚೀಟಿನ ಕೊಡ್ರಿ. ಪ್ಯಾಕೆಟ್ ಕೈಗೆ ತಗೊಂಡು ಹಿಂದಿನ ಸೆಂಟಿಮೀಟರ್ ಓದ್ರಿ, ಇದಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ. "ಸಿ ಇಲ್ರಿ, 38 ತಗೋರಿ, ಅದ ಆಗತೈತಿ" ಅಂದ್ರ ಒಪ್ಪಬ್ಯಾಡ್ರಿ, ಯಾಕಂತ ಈಗ ನಿಮಗ ಗೊತ್ತೈತಿ.

ಸಣ್ಣ ಅಂಗಡ್ಯಾಗ ಟ್ರಯಲ್ ಇರಂಗಿಲ್ಲ, ಹಂಗಾಗಿ ಹೊಸಾ ಸೈಜ್ ತಗೊಳ್ಳೋವಾಗ ಒಮ್ಮೆಗೇ ಮೂರು ತರಬ್ಯಾಡ್ರಿ. ಬದಲಿ ಕೊಡತಾರೇನು ಕೇಳಿ ಒಂದ ತಂದು, ಟ್ಯಾಗ್ ಕೀಳದ ಮನ್ಯಾಗ ಈ ಮ್ಯಾಲಿಂದೆಲ್ಲಾ ಮಾಡಿ ನೋಡಿ, ಸರಿ ಬಂತು ಅಂದ್ರ ಆಮ್ಯಾಲ ಉಳದವು. ಮಾಲಿನ್ಯಾಗ ಟ್ರಯಲ್ ರೂಮ್ ಇರತೈತಿ, ತಗೊಳ್ಳಲಿಲ್ಲ ಅಂದ್ರೂ ನಡೀತೈತಿ, ಹಾಕ್ಕೊಂಡ್ ನೋಡಿ ಸೈಜ್ ಖಾತ್ರಿ ಮಾಡ್ಕೊಂಡ್ ಬರ್ರಿ.

ಅಳತಿ ಯಾವಾಗ ಮತ್ತ ತಗೋಬೇಕು

ಬೆಳಿಯೂ ಹುಡುಗ್ಯಾರಿಗೆ ಆರ್ ತಿಂಗಳಿಗೊಮ್ಮೆ. ತಾಯಂದ್ರು ಇದನ್ನ ಗುಟ್ಟು ಮಾಡಬ್ಯಾಡ್ರಿ, ಎದಿ ಚಿಗರಿದಾಗ ಮಗಳು ಶಾಲ್ಯಾಗ ಓಡೂದು ಬಿಟ್ಟು ಬೆನ್ನು ಗೂನು ಮಾಡ್ಕೊಂಡು ಕುಂದ್ರತಾಳ, ಯಾರಿಗೆ ಹೇಳಬೇಕು ಗೊತ್ತಾಗಂಗಿಲ್ಲ. ಬಗಲಾಗ ಕುಂತು ಟೇಪ್ ಅಕಿ ಕೈಯಾಗ ಕೊಟ್ಟು ಅಳತಿ ಮಾಡೂದು ಕಲಸ್ರಿ. ಮೊದ್ಲಿಗೆ ವಾಯರ್, ಪ್ಯಾಡ್ ಏನೂ ಬ್ಯಾಡ, ಮೆತ್ತಗಿನ ಕಾಟನ್ ಬಿಗಿನರ್ ಬ್ರಾ ಸಾಕು, ಎದಿ ಕೆಳಗಿನ ಅಳತಿ ನೋಡಿ ತಗೋಬೋದು.

ಬಸರಿದ್ದಾಗ ಮೊದಲ ತಿಂಗಳಿಂದನ ಎದಿ ಬೆಳೀತೈತಿ, ಆಮ್ಯಾಲ ಪಕ್ಕೆಲುಬೂ ಅಗಲ ಆಗತೈತಿ, ಎರಡೂ ಅಳತಿ ಬದಲಿ. ಹಾಲು ಕುಡಿಸೂ ಬ್ರಾ ಎಂಟನೇ ತಿಂಗಳ ಆದ ಮ್ಯಾಲ ತರ್ರಿ, ಕಪ್ಪಿನ್ಯಾಗ ಸ್ವಲ್ಪ ಜಾಗಾ ಬಿಟ್ಟು ತರ್ರಿ, ಹಾಲು ಇಳದಾಗ ಇನ್ನೂ ದೊಡ್ಡದಾಗತೈತಿ. ಬಾಣಂತಿಗೆ ಬಿಗಿ ಬ್ರಾ, ವಾಯರ್ ಬ್ರಾ ಬ್ಯಾಡ, ಒಂದ ಕಡೆ ಒತ್ತಿದ್ರ ಹಾಲು ಕಟ್ಟಿ ಗಂಟಾಗಿ ಜ್ವರ ಬರೂತನಕ ಹೋಗಬೋದು. ಮಗು ಹಾಲು ಬಿಟ್ಟ ಮ್ಯಾಲ ಮತ್ತೊಮ್ಮೆ ಅಳೀರಿ. ಮೈ ಇಳದಾಗ, ಮೈ ಬಂದಾಗ, ಮುಟ್ಟು ನಿಂತಾಗನೂ ಅಷ್ಟ. ಏನೂ ಬದಲಾಗಿಲ್ಲಾ ಅನಸಿದ್ರೂ ವರ್ಷಕ್ಕೊಮ್ಮೆ ಟೇಪ್ ಹಿಡೀರಿ.

ತಂದ್ ಮ್ಯಾಲ ಸೈಜ್ ಉಳಿಸ್ಕೊಳ್ಳೂದೂ ನಿಮ್ಮ ಕೈಯಾಗ ಐತಿ. ಕಾದ ನೀರು ಇಲಾಸ್ಟಿಕ್ ಕೊಲ್ಲತೈತಿ, ತಣ್ಣೀರಾಗ ಕೈಲೆ ತಿಕ್ಕಿ, ಹಿಂಡದ, ಒತ್ತಿ ನೀರು ತಗೀರಿ. ಸ್ಟ್ರಾಪ್ ಹಿಡದು ಜೋತು ಹಾಕಿದ್ರ ಸ್ಟ್ರಾಪ್ ಉದ್ದ ಆಗತೈತಿ, ನಡುವ ಮಡಚಿ ತಂತಿ ಮ್ಯಾಲ ಹಾಕ್ರಿ. ಯಾರರ ನೋಡ್ಯಾರು ಅಂತ ಸೀರಿ ಕೆಳಗ, ಟವೆಲ್ ಕೆಳಗ ಮುಚ್ಚಿ ಒಣಗಸೂದು ನಮ್ಮಲ್ಲಿ ಭಾಳ, ಅದು ಹಸೀನ ಉಳೀತೈತಿ, ಅದನ್ನ ಹಾಕ್ಕೊಂಡ್ರ ಎದಿ ಕೆಳಗ ತುರಿಕಿ ಬರೂದ. ಗಾಳಿ ಆಡೂ ಕಡೆ ಬಯಲಿಗೆ ಹಾಕ್ರಿ. ದಿನಾ ಒಂದನ್ನ ಹಾಕದ ಮೂರನ್ನ ಬದಲಿ ಮಾಡ್ಕೋತ ಹೋದ್ರ ಇಲಾಸ್ಟಿಕ್ಕಿಗೆ ವಾಪಸ್ ಕೂಡ್ಕೊಳ್ಳಾಕ ಟೈಮ್ ಸಿಗತೈತಿ, ಮತ್ತ ಒಳಗಿನ ಸಾಲಿನ ಹುಕ್ಕಿಗೆ ಹಾಕಿದ್ರೂ ಬ್ಯಾಂಡ್ ಮ್ಯಾಲ ಏರತೈತಿ ಅಂದ್ರ ಆ ಬ್ರಾ ಮುಗೀತು, ಹೊಸಾದು ತರೂಕಿಂತ ಮೊದ್ಲ ಕೆಳಗಿನ ಅಳತಿ ಒಮ್ಮೆ ತಗೊಂಡ್ ಹೋಗ್ರಿ.